ಮೇಷ್ಟ್ರು ಬರೆಸಿದ ಆ ಒಂದು ಪುಟ

ಮೇಷ್ಟ್ರು ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದರು. ಬಲಗಾಲು ಹೊಲಿಗೆ ಯಂತ್ರ ತುಳಿಯುವವರ ಕಾಲಿನಂತೆ ಅಲುಗುತ್ತಲೇ ಇರುತ್ತಿತ್ತು. ಅವರ ಹಿಮ್ಮಡಿ ನೆಲಕ್ಕೆ ತಾಗಿದ್ದನ್ನು ನಾನು ಕಂಡಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ನಮಗೆ ಪಾಠ ಹೇಳುವಾಗಲೂ ಹಾಗೆಯೇ: ಕರಿಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮದ್ದೂರಿಗೆ ಮರಳುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಆದರೂ ಮನೆಯಲ್ಲಿ ಸಿಕ್ಕುತ್ತಿರಲಿಲ್ಲ. ನಾಲೆ ನೀರಿಗೆ, ಬದುವಿಗೆ ಜಗಳವೆದ್ದರೆ ಸುತ್ತಿನ ಹಳ್ಳಿಯವರು ಅವರನ್ನೇ ಕರೆಯುತ್ತಿದ್ದರು.

ಅವರ ಕ್ರಮ ಒಂದೇ. ಯಾರೂ ತನ್ನ ದೂರನ್ನು ತಾನು ಹೇಳುವಂತಿಲ್ಲ. ಎದುರಾಳಿಯ ದೂರನ್ನು ಹೇಳಬೇಕು, ಎದುರಾಳಿ ಹೌದೆನ್ನುವವರೆಗೂ ಹೇಳಬೇಕು. ಹತ್ತಿರದ ಕೊಪ್ಪದಲ್ಲಿ ನಾಲೆಯ ತೂಬಿಗಾಗಿ ದೊಣ್ಣೆ ಎತ್ತಿದ್ದ ಅಣ್ಣತಮ್ಮಂದಿರ ನಡುವೆ ಅವರು ಕೂತಾಗ ನಾನೂ ಇದ್ದೆ.

"ಅವನ ದೂರ ನಾನ್ಯಾಕೇಳ್ಲಿ ಮೇಷ್ಟ್ರೇ? ಅವನಿಗೇನು ಬಾಯಿಲ್ವಾ?" ಎಂದ ಅಣ್ಣ.

"ಅವನಿಗೆ ಬಾಯೈತೆ ಅಂತ ಊರಿಗೇ ಗೊತ್ತು. ನಿನಗೆ ಕಿವಿ ಐತಾ ಅಂತ ನೋಡಾನ, ಏಳ್ಲಾ."

ತಮ್ಮ ನಕ್ಕುಬಿಟ್ಟ. ಅಲ್ಲಿಂದ ಮಾತು ಹಗುರಾಯಿತು.

ಆ ವರ್ಷ ಊರಿನ ತರುಣರ ಸಂಘದವರು ಮೇಷ್ಟ್ರ ನೆನಪುಗಳನ್ನು ಪುಸ್ತಕ ಮಾಡಲು ಹೊರಟರು. ಬ್ರಿಟಿಷರ ಕಾಲದ ಬಾಲ್ಯ, ಚಳವಳಿ, ಆಮೇಲಿನ ರಾಜಿ ಪಂಚಾಯಿತಿಗಳು. ಅವರು ಹೇಳಬೇಕು, ನಾನು ಬರೆದುಕೊಳ್ಳಬೇಕು. ನಡುಮನೆಯಲ್ಲಿ ಅಡ್ಡಾಡುತ್ತಾ ಹೇಳುತ್ತಿದ್ದರು: ದೊರೆ ಬರುವ ದಿನ ಶಾಲೆಯ ಮಕ್ಕಳೆಲ್ಲ ಬಿಸಿಲಲ್ಲಿ ನಿಂತು ಬೀಸಿದ ಕಾಗದದ ಬಾವುಟ, ಶಿವಪುರದಿಂದ ಅಪ್ಪ ತಂದ ಧ್ವಜ ಸತ್ಯಾಗ್ರಹದ ಸುದ್ದಿ. ಆದರೆ ಮದ್ದೂರಿನ ಸಂತೆಮಾಳದಲ್ಲಿ ಪೊಲೀಸರು ಲಾಠಿ ಬೀಸಿದ ದಿನಕ್ಕೆ ಬಂದಾಗಲೆಲ್ಲ ನೀರು ಕುಡಿಯಲು ಒಳಗೆ ಹೋಗುತ್ತಿದ್ದರು. ನಾಲ್ಕನೆಯ ಸಲ ಬಾಗಿಲಲ್ಲೇ ನಿಂತರು.

"ಅವತ್ತು ಒಬ್ಬ ಪೊಲೀಸಿನೋನ ಕಣ್ಣು ಓಯ್ತು ಕಣಮ್ಮ. ಕಲ್ಲೊಡ್ದೋನು ನಾನು. ಇದುವರ್ಗೂ ಯಾರ್ಗೂ ಏಳಿಲ್ಲ. ಬರ್ಕೊ."

ನಾನು ಬರೆದುಕೊಳ್ಳಲಿಲ್ಲ. "ಅವರು ಇದ್ದಾರಾ ಮೇಷ್ಟ್ರೇ?"

"ಮಳವಳ್ಳೀಲವ್ರೆ."

"ಹಾಗಾದರೆ ಪುಸ್ತಕಕ್ಕಿಂತ ಮೊದಲು ಅವರಿಗೆ ಹೇಳಬೇಕಲ್ಲವೇ?"

ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಮಾರನೆಯ ಬೆಳಿಗ್ಗೆ ಮಳವಳ್ಳಿ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದರು. ಎರಡು ಸಲ, ಇಲ್ಲೇ ಇಳಿದು ವಾಪಸು ಹೋಗೋಣ ಎಂದರು.

ಆ ಹಳೆಯ ಪೊಲೀಸಿನವರು ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಎಡಗಣ್ಣಿನ ರೆಪ್ಪೆ ಒಳಕ್ಕೆ ಇಳಿದಿತ್ತು. ಮೇಷ್ಟ್ರು ಪುಸ್ತಕದ ಸಂಗತಿಯನ್ನೂ ಕಲ್ಲಿನ ವಿಷಯವನ್ನೂ ಒಂದೇ ಉಸಿರಿಗೆ ಹೇಳಿದರು. ಬಳಿಕ ತಮ್ಮ ಕ್ರಮದಂತೆ ಅವರ ದೂರನ್ನೂ ತಾವೇ ಹೇಳತೊಡಗಿದರು: ಹರೆಯದಲ್ಲೇ ಕಣ್ಣು ಹೋಯಿತು, ಅದರ ಹಿಂದೆಯೇ ಕೆಲಸ ಹೋಯಿತು...

"ಅದಲ್ಲ," ಎಂದರು ಅವರು, ಹೊಸೆಯುವುದನ್ನು ನಿಲ್ಲಿಸದೆ. "ಕಣ್ಣು ಓಗ್ಲಿ ಬುಡು, ಇನ್ನೊಂದೈತೆ. ನನ್ನ ಮದ್ವೇಲಿ ನಮ್ಮೂರೋರು ಒಬ್ಬರೂ ಉಣ್ಣಕ್ಕೆ ಬರ್ನಿಲ್ಲ. ಬಿಳಿಯರ ನಾಯಿ ಅಂದ್ರು. ಮಾಡಿದ್ದ ಅನ್ನವ ನಮ್ಮವ್ವ ದನಕ್ಕೆ ಸುರುದ್ಲು. ಅದ ನಿಮ್ಮ ಬುಕ್ಕಲ್ಲಿ ಬರ್ದಿದ್ದೀರಾ?"

ನಲವತ್ತು ವರ್ಷ ಆ ಕಣ್ಣನ್ನೇ ನೆನೆದು ಸಂಕಟಪಟ್ಟ ಮೇಷ್ಟ್ರಿಗೆ ಆ ಮದುವೆಯೂಟ ಹೊಳೆದೇ ಇರಲಿಲ್ಲ.

ಕ್ಷಮಿಸಿದೆ ಎಂದು ಪೊಲೀಸಿನವರು ಹೇಳಲಿಲ್ಲ. ಒಳಗಿದ್ದ ಹೆಂಡತಿಗೆ ಊಟಕ್ಕಿಡಲು ಹೇಳಿದರು. ಮೇಷ್ಟ್ರು ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೆಯೇ ಹಿಡಿದು ಕೂತರು.

"ಉಣ್ಣಿ ಮೇಷ್ಟ್ರೇ, ಇಸ ಆಕಿಲ್ಲ."

ಹಿಂತಿರುಗುವಾಗ ಬಸ್ಸಿನಲ್ಲಿ ಮೇಷ್ಟ್ರು ಒಂದೇ ಮಾತು ಆಡಿದರು: "ಆ ಪುಟದಲ್ಲಿ ಮೊದ್ಲು ಅವರ ಮಾತಿರ್ಲಿ, ನಂದು ಆಮ್ಯಾಕೆ." ಹಾಗೆಯೇ ಬರೆದೆ.

ಆ ಬೇಸಿಗೆಯಲ್ಲಿ, ಇನ್ನೊಂದು ಜಗಳ ಬಿಡಿಸಲು ಹೊರಟ ಮೇಷ್ಟ್ರು, ನಿಡಘಟ್ಟದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗಲೇ ತೀರಿಕೊಂಡರು.

ಸಂಘದವರು ನಮ್ಮ ಮನೆಗೆ ಬಂದರು. ಪುಸ್ತಕ ಬೇಗ ಆಗಬೇಕು, ಆದರೆ ಆ ಪುಟ ಬೇಡ. "ದೇವರಂಥ ಮನುಷ್ಯ. ಕಲ್ಲೊಡ್ದ್ರು ಅಂತ ನಾವೇ ಅಚ್ಚಾಕ್ಸಾದಾ ಅಕ್ಕಾ?" ಎಂದ ಅವರಲ್ಲೊಬ್ಬ. ಆ ಪುಟ ಇಲ್ಲದಿದ್ದರೆ ಉಳಿದದ್ದೂ ಬೇಡ ಎಂದೆ. ಹಸ್ತಪ್ರತಿ ಕೊಡಲಿಲ್ಲ, ಪುಸ್ತಕ ಬರಲಿಲ್ಲ. ಅವರಲ್ಲಿ ಕೆಲವರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಅಚ್ಚಾಗಬೇಕಿದ್ದ ಒಂದು ಬದುಕನ್ನು ನಾನೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆನೇ ಎಂಬ ತಳಮಳ ಹೋಗಿಲ್ಲ.

ಆ ತಳಮಳ ತಡೆಯಲಾರದೆ ಒಂದು ದಿನ ಹಸ್ತಪ್ರತಿ ಹಿಡಿದು ಒಬ್ಬಳೇ ಮಳವಳ್ಳಿಗೆ ಹೋದೆ. ಆ ಹಳೆಯ ಪೊಲೀಸಿನವರ ಉಳಿದೊಂದು ಕಣ್ಣಿಗೂ ಈಗ ಪೊರೆ ಬಂದಿತ್ತು. ನಾನೇ ಓದಿದೆ. ಆ ಪುಟ ಮುಗಿದಾಗ ಕೈಯೆತ್ತಿ ತಡೆದರು.

"ಒಬ್ಬ ಪೊಲೀಸಿನವನು ಅಂತ ಬರ್ದಿದ್ದೀಯಲ್ಲ ಕಣಮ್ಮ, ನಂಗೊಂದು ಎಸ್ರಿಲ್ವಾ?"

ಆ ಎರಡು ಪದಗಳನ್ನು ಅಲ್ಲೇ ಹೊಡೆದುಹಾಕಿ ಅವರ ಹೆಸರು ಬರೆದೆ, ಊರಿನ ಹೆಸರನ್ನೂ ಸೇರಿಸಿದೆ. ಗಟ್ಟಿಯಾಗಿ ಓದು ಎಂದರು. ಓದಿದೆ.