ಮೋಟ್ರು ಎತ್ತುವ ಹೊತ್ತು

ಅವರ ಕಾಲ್ಬೆರಳುಗಳ ಸಂದಿ ವರ್ಷವಿಡೀ ಬೆಳ್ಳಗೆ ಬಿರಿದಿರುತ್ತಿತ್ತು. ನಲವತ್ತು ವರ್ಷ ನಾಲೆಯ ನೀರಿನಲ್ಲಿ, ಗದ್ದೆಯ ಕೆಸರಿನಲ್ಲಿ ನಿಂತ ಕಾಲು ಅದು. ದಿನಾ ಬೆಳಿಗ್ಗೆ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಮೆತ್ತಿಕೊಳ್ಳುತ್ತಿದ್ದರು. ಹಾಗಾಗಿ ಅವರು ಶ್ರೀರಂಗಪಟ್ಟಣದ ನಮ್ಮ ಕಚೇರಿಗೆ ಬಂದು ಹೋದರೆ ಬಾಗಿಲಿಂದ ನನ್ನ ಮೇಜಿನವರೆಗೆ ಬಿಳಿ ಟೈಲ್ಸಿನ ಮೇಲೆ ಹಳದಿ ಬೆರಳುಗಳ ಗುರುತು ಸಾಲಾಗಿ ಉಳಿಯುತ್ತಿತ್ತು. ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದರೆ ಕೇಳುತ್ತಿರಲಿಲ್ಲ. ಕಂಪ್ಯೂಟರು ಇರುವ ಕೋಣೆಗೆ ಚಪ್ಪಲಿ ಮೆಟ್ಟಿ ಬರುವುದು ಅವರಿಗೆ ಸರಿಕಾಣುತ್ತಿರಲಿಲ್ಲ. ನೆಲ ಒರೆಸುವಾಕೆ ಗೊಣಗುತ್ತಿದ್ದಳು, ನಾನು ನಗುತ್ತಿದ್ದೆ.

ಅವರು ನೀರುಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತೂಬು ತೆಗೆದು ಮುಚ್ಚುವ ಕೆಲಸ ಮಾಡಿ ನಿವೃತ್ತರಾಗಿದ್ದವರು. ಊರು ಅಕ್ಕಿಹೆಬ್ಬಾಳಿನಿಂದ ಆಚೆಗೆ, ಹೇಮಾವತಿಯ ದಂಡೆಯಲ್ಲಿ. ಅಣೆಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ದಂಡೆಯ ಊರುಗಳಲ್ಲಿ ಎಷ್ಟು ಹೊತ್ತು ಮುಂಚೆ ಮೈಕು ಕಟ್ಟಿದ ಆಟೋ ಎಚ್ಚರಿಕೆ ಕೂಗುತ್ತಾ ಓಡಾಡಬೇಕು ಎಂದು ಲೆಕ್ಕ ಹಾಕಿಕೊಡುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು. ಹೊಳೆಯ ಗುರುತು ಬಲ್ಲವರೊಬ್ಬರು ಬೇಕೆಂದು ಕಚೇರಿಯ ಯಜಮಾನರು ಅವರನ್ನು ಕರೆಸಿದರು. ನಾನು ಪಾಂಡವಪುರದವಳು. ನೀರೆಂದರೆ ನಲ್ಲಿಯಲ್ಲಿ ಬರುವುದು ಎಂದಷ್ಟೇ ಗೊತ್ತಿದ್ದವಳು. ನನಗೆ ಕೊಟ್ಟ ಕೆಲಸ ಎರಡು ಸಾಫ್ಟ್‌ವೇರುಗಳಲ್ಲಿ ಒಂದೇ ಊರನ್ನು ಕಟ್ಟಿ, ಯಾವುದು ನಿಜಕ್ಕೆ ಹತ್ತಿರ ಎಂದು ಹೇಳುವುದು.

ಮೊದಲನೆಯದು ಊರಿನ ಜನರನ್ನೆಲ್ಲ ತೊಟ್ಟಿಯಲ್ಲಿ ತುಂಬಿದ ನೀರು ಎಂದುಕೊಳ್ಳುತ್ತದೆ. ಎಚ್ಚರಿಕೆ ಕೊಟ್ಟ ಕೂಡಲೇ ನಿಮಿಷಕ್ಕೆ ಇಷ್ಟು ಜನ ಎಂದು ದಿಬ್ಬದ ಕಡೆಗೆ ಖಾಲಿಯಾಗುತ್ತಾರೆ. ಗುಂಡಿ ಒತ್ತಿದರೆ ಒಂದೇ ಉತ್ತರ. ಎರಡನೆಯದರಲ್ಲಿ ಒಬ್ಬೊಬ್ಬ ಮನುಷ್ಯನೂ ಒಂದು ಚುಕ್ಕಿ. ಹೀಗಾದರೆ ಹೀಗೆ ಮಾಡು ಎಂದು ಪ್ರತಿ ಚುಕ್ಕಿಗೂ ಬುದ್ಧಿ ಹೇಳಿಕೊಡಬೇಕು. ಅದು ಪಕ್ಕದ ಚುಕ್ಕಿಯನ್ನು ನೋಡಿಕೊಂಡು ನಡೆಯುತ್ತದೆ. ಒಂದು ಸಲ ಓಡಿಸಲು ನಮ್ಮ ಬಡಪಾಯಿ ಕಂಪ್ಯೂಟರಿಗೆ ಅರ್ಧ ದಿನ ಬೇಕು, ಓಡಿಸಿದಷ್ಟು ಸಲವೂ ಬೇರೆ ಉತ್ತರ.

ಚುಕ್ಕಿಗಳನ್ನು ಅವರಿಗೆ ಮೊದಲು ತೋರಿಸಿದ ದಿನ ಅವರು ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಇವ್ರೆಲ್ಲಾ ಯಾವೂರ್ನೋರವ್ವ?"

"ನಿಮ್ಮೂರಿನವರೇ ದೊಡ್ಡಪ್ಪ."

"ನಮ್ಮೂರ್ನೋರಾ! ಮೈಕು ಕೂಗ್ದೇಟ್ಗೆ ಇಸ್ಕೂಲ್ ಮಕ್ಳಂಗೆ ದಿಬ್ಬ ಅತ್ತಾವ್ರಲ್ಲ. ನಮ್ಮೂರ್ನೋರು ಮೊದ್ಲು ಒಳೆಗ್ ಇಳೀತಾರೆ ಕಣವ್ವ."

"ನೀರು ಬರ್ತಿರುವಾಗ ಹೊಳೆಗೆ ಯಾಕೆ ಇಳೀತಾರೆ?"

"ಮೋಟ್ರು ಎತ್ತಕೆ."

ಮರುದಿನವೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೊಳೆಗೆ ಕರೆದೊಯ್ದರು. ದಂಡೆಯ ಉದ್ದಕ್ಕೂ ರೈತರ ಪಂಪುಸೆಟ್ಟುಗಳು, ಹೊಳೆ ಏರಿದರೆ ಕೊಚ್ಚಿಹೋಗುವಂಥವು. ಒಂದನ್ನು ಕಳಚಿ ಮೇಲೆ ಎಳೆಯಲು ನಾಲ್ಕು ಆಳು ಬೇಕು. ಹಾಗಾಗಿ ಅದು ಮುಯ್ಯಿ ಲೆಕ್ಕದ ಕೆಲಸ. ನಿನ್ನದಕ್ಕೆ ನಾನು ಹಗ್ಗ ಹಿಡಿದರೆ ನನ್ನದಕ್ಕೆ ನೀನು ಹಿಡಿಯಬೇಕು. ತನ್ನ ಮೋಟ್ರು ಮೇಲೆ ಬಂತೆಂದು ಹಗ್ಗ ಬಿಟ್ಟು ಹೋದವನನ್ನು ಮುಂದೆ ನಾಟಿಗೂ ಯಾರೂ ಕರೆಯುವುದಿಲ್ಲ. ಕೊನೆಯ ಮೋಟ್ರು ದಡ ಸೇರುವ ತನಕ ಮೊದಲನೆಯವನೂ ಹೊಳೆಯಲ್ಲೇ ಇರುತ್ತಾನೆ. ಅವತ್ತು ನಾಲ್ವರನ್ನು ಗದರಿಸಿ ಇಳಿಸಿ, ಒಂದು ಮೋಟ್ರು ಎತ್ತಿಸಿ ತೋರಿಸಿದರು. ನಾನು ಫೋನಿನಲ್ಲಿ ಹೊತ್ತು ಅಳೆದೆ. ಅವರು ಬೀಡಿಯಲ್ಲಿ ಅಳೆದರು. "ಮೂರ್ ಬೀಡಿ ಆಯ್ತು" ಎಂದರು, ಕಾಲಿಗೆ ಹತ್ತಿದ ಮರಳು ಕೊಡವುತ್ತಾ.

ವಾಪಸು ಬಸ್ಸಿಗೆ ಕಾಯುವಾಗ ಅವರು ಹೇಳಿದ ಮಾತನ್ನು ಯಾವ ಪಾಠದಲ್ಲೂ ನಾನು ಕೇಳಿರಲಿಲ್ಲ. "ನೀರು ಸುಲಭ ಕಣವ್ವ. ಇಳಿಜಾರಿದ್ ಕಡೀಕೇ ಓಯ್ತದೆ. ಜನ ಅಂಗಲ್ಲ. ದಿಬ್ಬ ಕಣ್ಮುಂದೆ ಕಾಣ್ತಿದ್ರೂವೆ ಪಕ್ದೋನ್ ಮಕ ನೋಡ್ಕಂಡು ತಗ್ಗಲ್ಲೇ ನಿಂತ್ಬುಡ್ತಾರೆ."

ತೊಟ್ಟಿಯ ಲೆಕ್ಕದಲ್ಲಿ ಈ ಪಕ್ಕದವನ ಮುಖಕ್ಕೆ ಜಾಗವೇ ಇಲ್ಲ. ಚುಕ್ಕಿಗಳಿಗೆ ಮಾತ್ರ ಅದನ್ನು ಕಲಿಸಬಹುದಿತ್ತು. ಕಲಿಸಿದೆ. ಮೋಟ್ರು ಕೊಟ್ಟೆ, ಹಗ್ಗ ಕೊಟ್ಟೆ, ಮುಯ್ಯಿಯ ಕಟ್ಟು ಹಾಕಿದೆ. ಮತ್ತೆ ಮತ್ತೆ ಓಡಿಸಿ ನೋಡಿದೆ. ಒಂದು ಸಲ ಎಲ್ಲರೂ ಆರಾಮವಾಗಿ ದಿಬ್ಬ ಸೇರಿದರು. ಇನ್ನೊಂದು ಸಲ ಎಲ್ಲೋ ಒಂದು ಮೋಟ್ರು ಕೆಸರಲ್ಲಿ ಕಚ್ಚಿಕೊಂಡಿತು, ಇಡೀ ಗುಂಪು ಅಲ್ಲೇ ನಿಂತಿತು, ನೀರು ಬಂತು. ಅವರೆಲ್ಲ ಉಳಿಯಬೇಕಾದರೆ ತೊಟ್ಟಿಯ ಲೆಕ್ಕ ಹೇಳಿದ್ದಕ್ಕಿಂತ ಎಷ್ಟೋ ಮುಂಚೆ ಆಟೋ ಹೊರಡಬೇಕಿತ್ತು.

ಕಚೇರಿಯ ಯಜಮಾನರು ಕೆಟ್ಟವರಲ್ಲ. ವರದಿ ಕೊಡುವ ದಿನ ಹತ್ತಿರ ಬಂದಿತ್ತು, ವರದಿ ಕೇಳಿದವರಿಗೆ ಒಂದು ಉತ್ತರ ಬೇಕಿತ್ತು. "ಹತ್ತು ಸಲ ಕೇಳಿದ್ರೆ ಹತ್ತು ಉತ್ತರ ಹೇಳೋದು ಸಾಫ್ಟ್‌ವೇರಲ್ಲಮ್ಮ, ಗಿಣಿಶಾಸ್ತ್ರ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ. ತೊಟ್ಟಿಯ ಲೆಕ್ಕವನ್ನು ವರದಿಯ ಮೊದಲ ಪುಟದಲ್ಲಿ ಬರೆದೆ. ಚುಕ್ಕಿಗಳ ಲೆಕ್ಕವನ್ನು ಕೊನೆಗೆ ಅನುಬಂಧ ಎಂದು ಅಂಟಿಸಿದೆ. ಅನುಬಂಧವನ್ನು ಯಾರೂ ಓದುವುದಿಲ್ಲ ಎಂದು ಬರೆಯುವವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಅದಾದ ಮೇಲೊಂದು ದಿನ ಅವರು ಬಂದರು. ನಿಂತೇ ಕೇಳಿದರು. "ನಮ್ ಮೋಟ್ರು ವಿಸ್ಯ ಏನಾಯ್ತವ್ವ? ಸೇರ್ಸ್ದಾ?"

"ಸೇರಿಸಿದ್ದೀನಿ ದೊಡ್ಡಪ್ಪ" ಎಂದೆ.

ಸುಳ್ಳೇನಲ್ಲ, ಅನುಬಂಧದಲ್ಲಿ ಇತ್ತಲ್ಲ. ಅವರು ಎಷ್ಟು ಹಿಗ್ಗಿದರೆಂದರೆ, ಮತ್ತೆ ಬಂದಾಗ ಬಾಳೆಲೆಯಲ್ಲಿ ಸುತ್ತಿ ಆಲೆಮನೆಯ ಹೊಸ ಬೆಲ್ಲ ತಂದಿದ್ದರು. ಕಚೇರಿಯಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು.

ಮುಂದಿನ ಮಳೆಗಾಲದಲ್ಲಿ ಹೊಳೆಯ ಮೇಲ್ಗಡೆ ಬಿಡುವಿಲ್ಲದೆ ಮಳೆ ಹೊಯ್ದು, ಒಂದು ಮಧ್ಯಾಹ್ನ ಹೊಳೆಗೆ ನೀರು ಬಿಟ್ಟರು. ಮೈಕಿನ ಆಟೋ ನನ್ನ ವರದಿಯ ಮೊದಲ ಪುಟ ಹೇಳಿದ ಹೊತ್ತಿಗೆ ಸರಿಯಾಗಿ ಊರಿಗೆ ಬಂತು. ನೀರೂ ನನ್ನ ವರದಿ ಹೇಳಿದ ಹೊತ್ತಿಗೇ ಬಂತು. ನೀರಿನ ಲೆಕ್ಕದಲ್ಲಿ ನಾನು ಒಂದು ಚೂರೂ ತಪ್ಪಿರಲಿಲ್ಲ.

ಸುದ್ದಿ ತಿಳಿದು ಮೂರನೆಯ ದಿನ ಹೋದೆ. ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನೀರು ಬಂದ ದಿನ ಅವರ ಜೊತೆ ಹೊಳೆಗೆ ಇಳಿದಿದ್ದ ಪಕ್ಕದ ಮನೆಯವನು ನಡೆದದ್ದನ್ನು ಹೇಳಿದ. ಕೊನೆಯ ಮೋಟ್ರು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ನೀರಿನ ಸದ್ದು ಕೇಳಿದ ಮೇಲೆ ಅವರು ಉಳಿದವರನ್ನೆಲ್ಲ ಬೈದು ಮೇಲೆ ಓಡಿಸಿದರು. ಹಗ್ಗದ ತುದಿ ಅವರ ಕೈಯಲ್ಲಿತ್ತು. ಬಿಟ್ಟು ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಆ ಮೋಟ್ರು ಅವರದಲ್ಲ. ಹೊಳೆಯಲ್ಲಿ ಅವರದೆಂದು ಒಂದು ಮೋಟ್ರೂ ಇರಲಿಲ್ಲ.

ಅವರ ಹೆಂಡತಿ ಒಳಗಿಂದ ಬಂದು ನನ್ನ ಪಕ್ಕ ಕೂತರು. ಅತ್ತು ಅತ್ತು ದನಿ ಹೋಗಿತ್ತು.

"ನೀನೇನವ್ವ, ಆ ಕಂಪ್ಯೂಟ್ರು ಮಗ?"

ಹೂಂ ಎಂದೆ.

"ನಿನ್ ವಿಸ್ಯ ಬೋ ಏಳೋರು ಕಣವ್ವ. ಅವತ್ತೂವೆ, ನೀರು ಬಂದ್ಬುಡ್ತದೆ, ಮೋಟ್ರು ಬುಡಿ ಬನ್ನಿ ಅಂತ ಐಕ್ಳು ಕೂಗುದ್ರೆ, 'ಯಾಕ್ರಲಾ ಗಾಬ್ರಿ ಬೀಳ್ತೀರಿ, ಮೋಟ್ರು ಎತ್ತೋ ಒತ್ತೂ ಸೇರ್ಸೇ ಟೈಮ್ ಮಡಗವ್ರೆ, ನಮ್ ಮಗ ಸೇರ್ಸವ್ಳೆ' ಅಂದ್ರಂತೆ."

ಆಕೆಯ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಗಂಡ ಅಷ್ಟು ನೆಚ್ಚಿಕೊಂಡಿದ್ದ ಹುಡುಗಿ ಇಷ್ಟು ದೂರ ಬಂದಳಲ್ಲ ಎಂಬ ಸಮಾಧಾನವಿತ್ತು. ಮಜ್ಜಿಗೆ ತರಿಸಿ ಕೊಟ್ಟರು. ನಾನು ಕುಡಿದೆ. ಅನುಬಂಧದ ವಿಷಯ ಅವರಿಗೆ ಹೇಳಲಿಲ್ಲ. ಇದುವರೆಗೂ ಹೇಳಿಲ್ಲ.