ಅಜ್ಜಿಯ ಕರಡಿಗೆ ತೆಗೆಸಿದ ದಿನ

ಅಜ್ಜಿಗೆ ನಡೆಯುವಾಗ ಪಾದ ನೆಲಕ್ಕೆ ಅಂಟಿಕೊಳ್ಳತೊಡಗಿದ ವರ್ಷ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. “ನೆಲ ನನ್ನ ಬುಡ್ತಿಲ್ಲ ಕಣೆ” ಎನ್ನುತ್ತಿದ್ದಳು. ಮೆದುಳಿನೊಳಗಿನ ನೀರು ಸರಿಯಾಗಿ ಇಳಿಯುತ್ತಿಲ್ಲವೆಂದು ವೈದ್ಯರಿಗೆ ಅನುಮಾನ. ಅದರ ಹರಿವನ್ನು ಎಂಆರ್‌ಐನಲ್ಲಿ ನೋಡಬೇಕು, ಆಮೇಲೆ ಆ ನೀರನ್ನು ಇಳಿಸುವ ನಳಿಕೆ ಹಾಕಿದರೆ ಕಾಲು ಮರಳಬಹುದು ಎಂದರು.

ಮನೆಯಲ್ಲಿ ನನಗೆ ಸರಿಸಮನಾದ ಎದುರಾಳಿ ಅಜ್ಜಿ ಒಬ್ಬಳೇ. ದೇವರಿಲ್ಲವೆಂದು ನಾನು ಊಟಕ್ಕೆ ಕೂತು ವಾದಿಸಿದರೆ, “ಇಲ್ದೋನ ಮೇಲೆ ನಿಂಗ್ಯಾಕೆ ಇಷ್ಟು ಕೋಪ?” ಎಂದು ಸಾರು ಬಡಿಸುತ್ತಿದ್ದಳು.

ಚಾಮರಾಜಪುರಂನಿಂದ ಆಟೋದಲ್ಲಿ ಸ್ಕ್ಯಾನ್ ಸೆಂಟರಿಗೆ ಹೋದೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಓಲೆ, ಪಿನ್ನು ಎಲ್ಲ ಬಿಚ್ಚಿಸಿದೆ. ಉಳಿದದ್ದು ಕೊರಳಿನ ಬೆಳ್ಳಿ ಕರಡಿಗೆ. ಅದರೊಳಗಿನ ಇಷ್ಟಲಿಂಗ ದೀಕ್ಷೆಯ ದಿನದಿಂದ ಅವಳ ಮೈಬಿಟ್ಟು ಹೋದದ್ದಿಲ್ಲ, ಸ್ನಾನಕ್ಕೂ ಇಲ್ಲ.

“ಮೈಮೇಲೆ ಏನೂ ಲೋಹ ಇರ್ಬಾರ್ದು ಮೇಡಂ,” ಬಾಗಿಲಾಚೆಯಿಂದ ಟೆಕ್ನಿಷಿಯನ್ ಕೂಗಿದ.

“ಲಿಂಗ ಬಿಚ್ಚಿದ್ರೆ ನಾನು ಹೆಣ ಕಣೆ,” ಎಂದಳು ಅಜ್ಜಿ. “ಕಾಲು ಹೋದ್ರೆ ಹೋಗ್ಲಿ. ನಡಿ ಮನೆಗೆ.”

“ಶಿವ ಎಲ್ಲಾ ಕಡೆ ಇದಾನಂತಲ್ಲ? ಈ ಡಬ್ಬಿಲಿ ಮಾತ್ರ ಯಾಕಿರ್ಬೇಕು?”

“ಅವನು ಎಲ್ಲಾದ್ರೂ ಇರ್ತಾನೆ. ನಾನೆಲ್ಲಿರ್ಲಿ? ಅದು ಹೇಳು.”

ತೀರ್ಪುಗಾರರಿದ್ದಿದ್ದರೆ ಅಂಕ ಅವಳಿಗೇ. ನಾನು ದಾರಿ ಬದಲಿಸಿದೆ. “ಹೆಣದ ತಲೇಲಿ ನೀರು ಹರಿಯುತ್ತಾ ಅಜ್ಜಿ? ಎದೆ ಬಡಿದಂಗೆಲ್ಲ ಅದು ಆಡುತ್ತಂತೆ, ಮಿಷನ್ನಲ್ಲಿ ಕಾಣುತ್ತಂತೆ. ತೆಗೆದಿಟ್ಟು ಒಳಗೆ ಹೋಗು. ನೀರು ಹರಿದ್ರೆ ನೀನು ಬದುಕಿದೀಯ ಅಂತ ಒಪ್ಕೋಬೇಕು.”

ಅವಳು ಕರಡಿಗೆ ಕಟ್ಟಿದ್ದ ಶಿವದಾರವನ್ನು ತಾನೇ ತಲೆಯ ಮೇಲಿಂದ ಎತ್ತಿ, ಅದನ್ನು ನನ್ನ ಅಂಗೈಗಿಟ್ಟಳು. ಬೆಚ್ಚಗಿತ್ತು.

ಅವಳ ಬೆರಳಿಗೆ ನಾಡಿ ಹಿಡಿಯುವ ಕ್ಲಿಪ್ಪು ಸಿಕ್ಕಿಸಿ ಒಳಗೆ ಕಳಿಸಿದರು. ಹೊರಗಿನ ಬೆಂಚಿನ ಮೇಲೆ ಏಸಿಯ ಚಳಿ. ಬೆಳ್ಳಿ ಆರದಿರಲಿ ಎಂದು ನಾನು ಮುಷ್ಟಿ ಬಿಗಿಹಿಡಿದಿದ್ದೆ.

ಮುಗಿದ ಮೇಲೆ ಟೆಕ್ನಿಷಿಯನ್ ನನ್ನ ಕೈ ನೋಡಿದ. “ಲಿಂಗಾನಾ? ಮೊದ್ಲೇ ಹೇಳ್ಬಾರ್ದಾ ಮೇಡಂ! ಬೆಳ್ಳಿ ಬಿಚ್ಚಿಟ್ಟು, ಲಿಂಗಾನ ಬಟ್ಟೇಲಿ ಕಟ್ಕೊಂಡು ಹೋಗ್ಬೋದಿತ್ತು. ಎಷ್ಟೋ ಜನ ಅಂಗೇ ಮಾಡ್ತಾರೆ.”

ಒಳಗಿರುವುದು ಕಲ್ಲು. ಅದು ನನಗೆ ಗೊತ್ತಿತ್ತು. ಗೆಲ್ಲುವ ಭರದಲ್ಲಿ ಹೊಳೆಯಲಿಲ್ಲ.

ವೈದ್ಯರು ಪರದೆಯ ಮೇಲೆ ತೋರಿಸಿದರು. ಈ ನೀರು ರಕ್ತದ ಹಾಗೆ ಓಡುವುದಿಲ್ಲವಂತೆ, ಬಲು ನಿಧಾನವಂತೆ. ಯಂತ್ರವನ್ನು ಆ ನಿಧಾನಕ್ಕೇ ಹೊಂದಿಸಬೇಕಂತೆ. ಮೆದುಳಿನ ನಡುವಿನ ಸಣ್ಣ ಕಾಲುವೆಯಲ್ಲಿ ನೀರು ಕೆಳಗಿಳಿದಾಗ ಬಿಳಿ, ಮೇಲೇರಿದಾಗ ಕಪ್ಪು. ಬಿಳಿ, ಕಪ್ಪು, ಬಿಳಿ, ಕಪ್ಪು.

“ನೋಡಜ್ಜಿ, ಹರೀತಿದೆ!”

“ನೀರಿಗೇನು, ಹರಿಯುತ್ತೆ,” ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. “ಒಪ್ಕೊಂಡೆ ಕಣೆ. ನೀನೇ ಗೆದ್ದೆ.”

ಶಸ್ತ್ರಚಿಕಿತ್ಸೆಯ ದಿನ ನಾನೇ ವೈದ್ಯರನ್ನು ಕೇಳಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟಿದೆ. ಇಂಜೆಕ್ಷನ್ನಿಗೆ ಕೊಟ್ಟ ಹಾಗೆ ತೋಳು ಕೊಟ್ಟಳು. ಎರಡು ತಿಂಗಳಲ್ಲಿ ಬೀದಿಯ ಕೊನೆಯ ಅಂಗಡಿಗೆ ಹೋಗಿ ಬರುವಷ್ಟಾದಳು.

ಆದರೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂರುವುದನ್ನು ಬಿಟ್ಟಿದ್ದಳು. ನನ್ನ ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ಕಾಲು ಮೊದಲು ಸುಧಾರಿಸುತ್ತದೆ, ಮನಸ್ಸು ಕೆಲವರಲ್ಲಿ ಮರಳುವುದೇ ಇಲ್ಲ, ಕಾಯಿಲೆಯ ಸ್ವಭಾವವೇ ಅದು ಎಂದರು ವೈದ್ಯರು. ಈ ವಾದವನ್ನು ನಾನು ಯಾವ ವೇದಿಕೆಯಲ್ಲಾದರೂ ಗೆಲ್ಲಿಸಬಲ್ಲೆ. ಅಜ್ಜಿಯನ್ನು ನೋಡುತ್ತಾ ನನಗೇ ಅದನ್ನು ಹೇಳಿಕೊಂಡಾಗ ಮಾತ್ರ ಸೋಲುತ್ತೇನೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ: “ಯಾಕಜ್ಜಿ, ಪೂಜೆ ಮಾಡಲ್ವಾ?”

ಅವಳು ಕೊರಳಿನ ಕರಡಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಅವತ್ತು ಇದನ್ನ ಬಿಚ್ಚಿಟ್ಟು ಒಳಗೆ ಹೋದ್ಲಲ್ಲ, ಆಯಮ್ಮಂದು ಕಣೆ ಇದು,” ಎಂದಳು. ಯಾರ ಆಸರೆಯೂ ಇಲ್ಲದೆ ಎದ್ದು, ಅಡುಗೆಮನೆಗೆ ನಡೆದುಹೋದಳು.