ನಾನು ಅಳಿಸಿದ ಕೆಂಪು ವೃತ್ತ

ನನ್ನ ಸೋದರತ್ತೆ ಗಂಗವ್ವ ಆ ಚುಕ್ಕೆಯನ್ನು ತಾನಾಗಿಯೇ ತೋರಿಸಿದಳೋ, ಇಲ್ಲ ನಾನು ಆಮೇಲೆ ಹಾಗೆ ಕಲ್ಪಿಸಿಕೊಂಡೆನೋ — ಖಚಿತವಾಗಿ ಹೇಳಲಾರೆ. ಕಂಪ್ಯೂಟರು ಅದರ ಸುತ್ತ ಎಳೆದ ಕೆಂಪು ವೃತ್ತವನ್ನು ಅಳಿಸಿದವನು ಮಾತ್ರ ನಾನೇ.

ಎರಡು ಸಾವಿರದ ದಶಕದ ನಡುವಿನ ಮಾತು. ಚರ್ಮದ ಫೋಟೊ ನೋಡಿ ಅಪಾಯದ ಮಚ್ಚೆಗಳನ್ನು ತಾನೇ ಗುರುತಿಸುವ ಪ್ರೋಗ್ರಾಮ್ ಬರೆಯುವುದು ನನ್ನ ಎಂ.ಟೆಕ್ ಪ್ರಾಜೆಕ್ಟು. ರಜೆಗೆ ಮುನವಳ್ಳಿಗೆ ಬಂದಾಗ ಮನೆಮಂದಿಯ ಕೈಕಾಲುಗಳ ಫೋಟೊ ತೆಗೆದೆ. ತೊಡಕು ಒಂದೇ: ನಮ್ಮ ಹೆಂಗಸರ ಮುಂಗೈ ತುಂಬ ಹಚ್ಚೆ. ಪ್ರೋಗ್ರಾಮಿಗೆ ಹಚ್ಚೆಯೂ ರೋಗವೇ. ಹಚ್ಚೆಯ ಬಳ್ಳಿಗೂ ವೃತ್ತ, ಹಚ್ಚೆಯ ತೊಟ್ಟಿಲಿಗೂ ವೃತ್ತ.

"ಅಳಿಯಾ, ನಿನ್ನ ಡಬ್ಬಿ ನನ್ನ ಹಚ್ಚಿ ನೋಡಿ ಅಂಜೇತಲ್ಲೋ!" ಎಂದು ಅತ್ತೆ ನಕ್ಕಳು. ಆಮೇಲೆ — ಇಲ್ಲಿಯೇ ನನ್ನ ನೆನಪು ಅಲುಗಾಡುತ್ತದೆ — "ಇದೊಂದು ಚುಕ್ಕಿ ಮೊದಲ ಇಷ್ಟು ದೊಡ್ಡದಿತ್ತೇನು?" ಎಂದಳು.

"ಹಚ್ಚಿ ಐತಿ ಬಿಡ ಅತ್ತಿ. ಇದಕ್ಕ ಇನ್ನೂ ಬುದ್ಧಿ ಬಂದಿಲ್ಲ."

ನಾನು ಹೇಳಿದ್ದು ಚೆನ್ನಾಗಿ ನೆನಪಿದೆ. ಅಂದೇ, ಹಚ್ಚೆಯಿರುವ ಜಾಗವನ್ನೆಲ್ಲ ನೋಡದೆ ಬಿಡುವಂತೆ ಪ್ರೋಗ್ರಾಮ್ ತಿದ್ದಿದೆ. ವೃತ್ತಗಳು ಮಾಯವಾದವು. ಫಲಿತಾಂಶ ಚಂದವಾಯಿತು, ಅಂಕಗಳೂ ಬಂದವು.

ಮುಂದೆ ಅವಳ ಕಂಕುಳಲ್ಲಿ ಗಂಟು ಎದ್ದಿತು. ಮುಂಗೈಯ ಕಪ್ಪು ಚುಕ್ಕೆಯಿಂದ ಹಬ್ಬಿದ ಕ್ಯಾನ್ಸರ್ ಎಂದರು ಹುಬ್ಬಳ್ಳಿಯ ಡಾಕ್ಟರು. ತಡವಾಗಿತ್ತು. ಅತ್ತೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ, ಆ ಹಳೆಯ ಫೋಟೊವನ್ನು ನಾನು ತಿದ್ದುವುದಕ್ಕೆ ಮುಂಚಿನ ಪ್ರೋಗ್ರಾಮಿಗೆ ಕೊಟ್ಟೆ. ಇಡೀ ಬಳ್ಳಿಗೆ ಸೇರಿ ಒಂದು ವೃತ್ತ. ತುದಿಯ ಒಂದು ಚುಕ್ಕೆಗೆ ಮಾತ್ರ ಬೇರೆಯದೇ ಇನ್ನೊಂದು. ಅದಕ್ಕೆ ಅತ್ತೆ ಯಾರೆಂದು ಗೊತ್ತಿಲ್ಲ, ಹಚ್ಚೆ ಎಂದರೇನೆಂದು ಗೊತ್ತಿಲ್ಲ. ನಾನೇ ಕಲಿಸಿದ ಬಣ್ಣದ, ಅಂಚಿನ ಲೆಕ್ಕವಷ್ಟೇ ಗೊತ್ತು — ಆದರೂ ಅದಕ್ಕೆ ಕಂಡಿತ್ತು. ಅದೇ ಕೈಯಿಂದ ತುತ್ತು ತಿಂದು ಬೆಳೆದ ನನಗೆ ಕಾಣಲಿಲ್ಲ. ಕಾಕತಾಳೀಯವಿರಬಹುದೆ? ಯಾವುದನ್ನೂ ಸುಲಭಕ್ಕೆ ನಂಬದಿರುವುದು ನನ್ನ ಚಾಳಿ. ಆದರೆ ಇದನ್ನು ನಂಬಲೂ ಆಗದೆ, ಬಿಡಲೂ ಆಗದೆ —

ಹೂಲಿಗೆ ಹೋದೆ. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ಅತ್ತೆಯ ತಂಗಿ ನೀಲವ್ವ ಇದ್ದಾಳೆ. ಹುಡುಗಿಯರಾಗಿದ್ದಾಗ ಅಕ್ಕತಂಗಿಯರಿಬ್ಬರೂ ಹಚ್ಚೆ ಹಾಕುವವಳ ಮುಂದೆ ಒಟ್ಟಿಗೇ ಕುಳಿತು, ಒಂದೇ ಬಳ್ಳಿ ಹಾಕಿಸಿಕೊಂಡಿದ್ದರು.

"ನೋಡಪಾ, ಅಕ್ಕಂದೂ ನಂದೂ ಒಂದ ನಮೂನಿ. ಹಾಕಿಸ್ಕೊಳ್ಳಾಗ ಅಕಿ ಅಳಲಿಲ್ಲ, ನಾ ಊರಿಗೇ ಕೇಳೂ ಹಂಗ ಅತ್ತಿದ್ದೆ," ಎಂದು ಕೈ ಚಾಚಿದಳು.

ಫೋಟೊದಲ್ಲಿ ಅಕ್ಕನ ಬಳ್ಳಿಯ ತುದಿಗೆ ನಾಲ್ಕು ಚುಕ್ಕೆ. ತಂಗಿಯ ಬಳ್ಳಿಗೆ ಮೂರೇ.